ಬುಂದುಕ್ ಅತ್ತ ರಾತ್ರಿಗಳು

ಶೌಕಿ ಸತ್ತ ದಿನವೇ ಅವನ ಅಕ್ಕ ನಾದ್ರಾ ಬಂದು ಮನೆಯ ಜಮಖಾನೆಗಳನ್ನೆಲ್ಲ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಬರಿ ನೆಲ. ಅಸ್ಯೂತ್ ಪಟ್ಟಣದ ಹಳೇ ಮನೆತನಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಹೆಂಡತಿ ಇನ್ಸಾಫ್ ಸುಮ್ಮನೆ ನೋಡುತ್ತ ನಿಂತಿದ್ದಳು. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡ ಹೋಗಿದ್ದಾನೆ, ಕಣ್ಣಲ್ಲಿ ಒಂದು ಹನಿ ಇಲ್ಲ! ಅಳಬೇಕೆಂದು ಅವಳಿಗೂ ಇತ್ತು. ಬರಲಿಲ್ಲ, ಏನು ಮಾಡುವುದು? ಒಳಗೆಲ್ಲ ಮರಗಟ್ಟಿಹೋಗಿತ್ತು.

ಅಳುವ ಕೆಲಸವನ್ನು ನಾಯಿ ವಹಿಸಿಕೊಂಡಿತು. ಬುಂದುಕ್‌ಗೆ ಹನ್ನೆರಡು ವರ್ಷ. ಮರಿಯಾಗಿದ್ದಾಗ ಶೌಕಿಯೇ ರೈಲು ನಿಲ್ದಾಣದಿಂದ ಎತ್ತಿಕೊಂಡು ಬಂದಿದ್ದ. ಮಣ್ಣಾದ ಮಾರನೇ ರಾತ್ರಿಯಿಂದಲೇ ಶುರುವಾಯಿತು. ಮಲಗುವ ಕೋಣೆಯ ಬಾಗಿಲಲ್ಲಿ ಬಿದ್ದುಕೊಂಡು ನರಳುವುದು, ಏಳುವುದು, ಸುತ್ತು ಹಾಕುವುದು, ಮತ್ತೆ ಮಲಗಿ ಕುಂಯ್ ಎನ್ನುವುದು. ಬೆಳಗಿನ ತನಕ ಇದೇ.

“ಮೂಕಪ್ರಾಣಿ ಹೆಂಗೆ ಕೊರಗ್ತಿದೆ ನೋಡ್ರೇ!” ನಾದ್ರಾ ಬಂದವರಿಗೆಲ್ಲ ಹೇಳುವಳು. “ಕೆಲವರ ಎದೆಗಿಂತ ನಾಯಿ ಎದೇನೇ ವಾಸಿ ಬಿಡಿ.”

ಆ ಚುಚ್ಚುಮಾತು ಇನ್ಸಾಫಳಿಗೆ ತಾಗಲಿಲ್ಲ. ಮನೆಯಲ್ಲಿ ಒಬ್ಬರಾದರೂ ಅಳುತ್ತಿದ್ದಾರಲ್ಲ ಎಂದು ಅವಳಿಗೆ ಸಮಾಧಾನವೇ ಆಗಿತ್ತು. ರಾತ್ರಿ ಕತ್ತಲಲ್ಲಿ ಮಲಗಿಕೊಂಡೇ, “ಅಳು ಮಗನೇ, ನನ್ನ ಪಾಲಿಂದೂ ಅತ್ತುಬಿಡು” ಎನ್ನುತ್ತಿದ್ದಳು.

ಎರಡು ತಿಂಗಳು ಹೀಗೇ ಹೋಯಿತು. ಜನವರಿಯ ಒಂದು ಬೆಳಿಗ್ಗೆ ನೆಲ ಒರೆಸುವಾಗ ನಾಯಿಯನ್ನು ಸೊಂಟ ಹಿಡಿದು ಪಕ್ಕಕ್ಕೆ ತಳ್ಳಿದಳು. ಅದು ಚೀರಿ, ತಿರುಗಿ ಕಚ್ಚಲು ಬಂತು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದ್ದಿಲ್ಲ. ಅವಳು ಪಶುವೈದ್ಯ ಹಲೀಮನನ್ನು ಕರೆಸಿದಳು.

“ರಾತ್ರಿ ಯಾವಾಗ ನರಳ್ತಾನಮ್ಮಾ?”

“ಮಲಗೋವಾಗ. ಮಗ್ಗುಲು ಬದಲಾಯಿಸೋವಾಗ.”

“ಹಗಲು?”

“ಮಾಳಿಗೆ ಮೇಲೆ ಬಿಸಿಲಿಗೆ ಬಿದ್ದಿರ್ತಾನೆ. ಸದ್ದೇ ಇಲ್ಲ. ಯಜಮಾನರನ್ನ ನೆನೆಸ್ಕೊಂಡು ರಾತ್ರಿ...”

“ನೆನೆಸ್ಕೋತಾನೋ ಏನೋ, ನಾನೇನು ಅವನ ಮನಸ್ಸು ಹೊಕ್ಕು ನೋಡಿದೀನಾ? ಈ ನರಳಾಟ ಮಾತ್ರ ಸೊಂಟದ್ದು. ಕೀಲು ಸವೆದಿದೆ. ಇಂಥಾ ಚಳೀಲಿ ಮುದುಕನ್ನ ಬರೀ ನೆಲದ ಮೇಲೆ ಹಾಕಿದೀರಲ್ಲ, ನೀವು ಮಲಗ್ತೀರಾ?”

ಮಾತ್ರೆ ಬರೆದುಕೊಟ್ಟು ಅವನು ಹೋದ. ಇನ್ಸಾಫ್ ಬಾಗಿಲ ಮುಂದಿನ ಬರಿ ನೆಲವನ್ನೇ ನೋಡಿದಳು. ದಪ್ಪ ಜಮಖಾನೆ ಹಾಸಿರುತ್ತಿದ್ದದ್ದು ಅಲ್ಲೇ. ಪಾಪದ ಪ್ರಾಣಿ ಅಲ್ಲಿ ಹುಡುಕುತ್ತಿದ್ದದ್ದು ಶೌಕಿಯನ್ನಲ್ಲ, ತನ್ನ ಹಾಸಿಗೆಯನ್ನು. ಅವಳು ಮಂಚದ ಕೆಳಗೆ ಬಗ್ಗಿ ಆ ಜಮಖಾನೆಯನ್ನು ಎಳೆದು ಹಾಸಿದಳು.

ಸಂಜೆ ಬಂದ ನಾದ್ರಾ ಹೊಸ್ತಿಲಲ್ಲೇ ನಿಂತುಬಿಟ್ಟಳು. “ಅಯ್ಯೋ ದೇವರೇ! ವರ್ಷ ತುಂಬಿಲ್ಲ, ಆಗ್ಲೇ ಹಾಸ್ಬಿಟ್ಯಾ? ಜನ ಉಗೀತಾರೆ ಕಣೇ!”

“ಉಗೀಲಿ ಅತ್ತಿಗೆ. ಜಮಖಾನೆ ಮೇಲೇ ಉಗೀಲಿ, ಒಗೀತೀನಿ. ಅವನಿಗೆ ಸೊಂಟ ನೋವು.”

“ನಾಯಿ ಸೊಂಟ ದೊಡ್ಡದಾಯ್ತು, ನನ್ನ ತಮ್ಮ ಸಣ್ಣೋನಾದ!” ನಾದ್ರಾ ಕಾಫಿಗೂ ಕೂರದೆ ಹೊರಟುಹೋದಳು.

ಆ ರಾತ್ರಿ ಬುಂದುಕ್ ಒಂದೇ ಸುತ್ತು ಹಾಕಿ ಮಲಗಿತು. ಸ್ವಲ್ಪ ಹೊತ್ತಿಗೆ ಗೊರಕೆ. ಆಮೇಲೆ ಮನೆಯೆಲ್ಲ ನಿಶ್ಶಬ್ದ. ಇನ್ಸಾಫ್ ಎದ್ದು ಕುಳಿತಳು. ಅವಳಿಗೆ ಆಗ ಅರಿವಾಯಿತು, ಎರಡು ತಿಂಗಳಿಂದ ಈ ಮನೆಯಲ್ಲಿ ಶೌಕಿಗಾಗಿ ಯಾರೂ ಅತ್ತಿರಲೇ ಇಲ್ಲ.

ಅವಳು ಹೋಗಿ ನಾಯಿಯ ಪಕ್ಕ ಕುಳಿತಳು. “ಏಳೋ. ಒಂದೇ ಒಂದು ಸಲ ಅಳೋ” ಎಂದಳು. ಅದು ಏಳಲಿಲ್ಲ. ಕೈ ತಾನಾಗಿ ಅದರ ಸೊಂಟದ ಮೇಲೆ ಹೋಯಿತು. ಅಲ್ಲೇ ನೋವಿನ ಜಾಗ. ಒಂದಿಷ್ಟು ಒತ್ತಿದರೆ ಸಾಕು, ಕೂಗುತ್ತದೆ. ತುಂಬ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು.

ಆಮೇಲೆ ಕೈ ತೆಗೆದಳು. ಇನ್ನು ಶೌಕಿಗಾಗಿ ಅಳಬೇಕಾದವಳು ತಾನೊಬ್ಬಳೇ. ಬೆಳಗಾಗುವ ತನಕ ಕಾದಳು, ಅಳು ಬರಲಿಲ್ಲ.