ಹದಿನಾಲ್ಕನೇ ನಂಬರಿನ ಹಾಜರಿ

ಇಪ್ಪತ್ತಾರು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಟೇಪ್ ರೆಕಾರ್ಡರ್ ಕೊಟ್ಟರೆ ಹೇಗಾಗಬೇಡ? ತೊಂಬತ್ತೆಂಟರಲ್ಲಿ ವಾಮದೇವಪ್ಪ ಮೇಷ್ಟ್ರಿಗೆ ಅದೇ ಪಾಡು ಬಂತು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಶಿಕ್ಷಕರಿಗೆ ತರಬೇತಿ. ಕಲಿಸಲು ಬಂದ ಮಹಾಂತೇಶ್‌ಗೆ ಮೀಸೆಯೇ ನೆಟ್ಟಗೆ ಬಲಿತಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದಂತೆ ಅವನ ಹುರುಪು. ಎಲ್ಲರಿಗೂ ಒಂದೊಂದು ಯಂತ್ರ ಹಂಚಿದ. ನಾಳೆ ನಿಮ್ಮ ತರಗತಿಯನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿ, ನಾಡಿದ್ದು ಇಲ್ಲಿ ತಂದು ನಿಮ್ಮ ಕಿವಿಯಿಂದಲೇ ಕೇಳಿ ಎಂದ.

ಮಲೆಬೆನ್ನೂರಿನಾಚೆಯ ಹಳ್ಳಿಯಲ್ಲಿ ಮೇಷ್ಟ್ರದು ಒಬ್ಬರೇ ಮೇಷ್ಟ್ರಿರುವ ಶಾಲೆ. ಕೆಂಪು ಗುಂಡಿ ಒತ್ತಿ ಹಾಜರಿ ಕರೆದರು. ಹದಿಮೂರರ ನಂತರ ಉಸಿರೆಳೆದುಕೊಂಡು ಹದಿನೈದಕ್ಕೆ ಹೋದರು. ಹದಿನಾಲ್ಕು ನಯನಾಳದು. ಅವಳು ನಾಲೆಯಲ್ಲಿ ಮುಳುಗಿ ಸತ್ತು ಏಳು ತಿಂಗಳಾಗಿತ್ತು.

ದಾವಣಗೆರೆಯಲ್ಲಿ ಎಲ್ಲರೆದುರು ಕ್ಯಾಸೆಟ್ ತಿರುಗಿತು. ಹದಿಮೂರನೆಯ ಹುಡುಗ ಕೂಗಿದ, ಮೇಷ್ಟ್ರು ಉಸಿರೆಳೆದ ಸದ್ದು ಕೇಳಿಸಿತು, ಅದರ ಬೆನ್ನಿಗೇ ಸಣ್ಣ ದನಿಯೊಂದು "ಹಾಜರ್ ಸಾರ್" ಎಂದಿತು.

"ಹೆಸ್ರು ಕರೀದೇ ಹಾಜರಿ ಬಂತಲ್ರಿ ಸಾರ್," ಎಂದು ಮಹಾಂತೇಶ್ ನಕ್ಕ. ಉಳಿದವರೂ ನಕ್ಕರು.  ಮೂಗು ಕಟ್ಟಿದಂತಿದ್ದ ಆ ದನಿ ಮೇಷ್ಟ್ರ ಶಾಲೆಯ ಈಗಿನ ಯಾವ ಮಗುವಿನದೂ ಅಲ್ಲ. ವಾಮದೇವಪ್ಪ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಸಿದರು. ಮತ್ತೆ ಅದೇ.

ಮೇಷ್ಟ್ರು ಕೆಟ್ಟವರಲ್ಲ, ಅವರ ಕರುಣೆಯೇ ಕುತ್ತಾಗಿತ್ತು. ನೂರಕ್ಕೆ ಎಂಬತ್ತು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಸಿಗುತ್ತಿತ್ತು. ನಾಟಿಯ ದಿನಗಳಲ್ಲಿ ಗದ್ದೆಗೆ ಹೋಗುವ ಮಕ್ಕಳ ಅಕ್ಕಿ ತಪ್ಪದಿರಲೆಂದು ಅವರು ತಲೆ ಎತ್ತದೆ ಎಲ್ಲರಿಗೂ ಹಾಜರಿ ಹಾಕಿಬಿಡುತ್ತಿದ್ದರು. ನಯನಾ ಮುಳುಗಿದ ದಿನ ಮಧ್ಯಾಹ್ನ ಅವಳ ತಾಯಿ ಶಾಂತಕುಮಾರಿ ಓಡಿಬಂದು, ಮಗಳನ್ನು ನಾಲೆಯ ಕಡೆ ಕಂಡೆವೆಂದು ಯಾರೋ ಹೇಳಿದರು, ಶಾಲೆಗೆ ಬಂದಿದ್ದಾಳೋ ಎಂದು ಕೇಳಿದಳು. ಮೇಷ್ಟ್ರು ಮಕ್ಕಳನ್ನು ನೋಡಲಿಲ್ಲ. ಹಾಜರಿ ಪುಸ್ತಕ ನೋಡಿ, ಬಂದಿದ್ದಾಳೆ, ಆಡುತ್ತಿರಬೇಕು, ಹೋಗು ಎಂದರು. ಅವಳು ನಂಬಿ ಗದ್ದೆಗೆ ಮರಳಿದಳು. ಸಂಜೆ ತೂಬಿನ ಬಳಿ ಹೆಣ ಸಿಕ್ಕಿತು. ವಿಚಾರಣೆಗೆ ಬಂದ ಪೊಲೀಸರಿಗೂ ಮೇಷ್ಟ್ರು ಅದೇ ಪುಸ್ತಕ ತೋರಿಸಿದರು. ಶಾಲೆಯಿಂದ ತಪ್ಪಿಸಿಕೊಂಡು ಓಡಿದ್ದಕ್ಕೆ ಮಗಳನ್ನು ಬೈಯುತ್ತಲೇ ಶಾಂತಕುಮಾರಿ ಅತ್ತಳು.

ಕ್ಯಾಸೆಟ್ ಕೇಳಿದ ಸಂಜೆಯೇ ಮೇಷ್ಟ್ರು ಹರಿಹರದಲ್ಲಿ ಬಸ್ಸು ಬದಲಿಸಿ ಅವಳ ಮನೆಗೆ ಹೋದರು. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದು. ಆದರೆ ನಿನ್ನೆ ಹಾಜರಿ ಕರೆದಾಗ ತುಂಬಿದ್ದು ಎಂದಷ್ಟೇ ಹೇಳಿ ಕ್ಯಾಸೆಟ್ ಹಾಕಿದರು.

ಶಾಂತಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. "ನಮ್ ನಯನಾನೇ ರೀ ಮೇಷ್ಟ್ರೆ. ಅವತ್ತು ಮುಂಜಾನೆ ನೆಗಡಿ ಆಗಿತ್ತು, ಅದಕ್ಕೆ ದನಿ ಹಿಂಗೈತೆ. ಸಾಲಿಗೆ ಬಂದಿದ್ದು ಖರೇನ ಐತೆ ಬಿಡ್ರಿ."

ವಾಮದೇವಪ್ಪನವರಿಗೆ ಆಗ ಹುಟ್ಟಿದ ಹೆದರಿಕೆ ಬೇರೆಯೇ. ಸತ್ತ ಮಗು ತಮ್ಮ ಸುಳ್ಳಿಗೆ ಸಾಕ್ಷಿ ಹೇಳಲು ಬಂದಿತ್ತು. ಸುಮ್ಮನೆ ಎದ್ದು ಹೋದರೆ ಇನ್ನು ಯಾರೂ ಅವರನ್ನು ಕೇಳುವುದಿಲ್ಲ. ಮಗುವಿನ ಬೆನ್ನ ಹಿಂದೆ ಅಡಗಿ ಬದುಕುವುದೂ ಒಂದು ಬದುಕೇ?

"ಅವತ್ತು ಅವಳು ಬಂದಿರ್ಲಿಲ್ಲ ಶಾಂತಮ್ಮ. ಅಕ್ಕಿ ಸಿಗ್ಲಿ ಅಂತ ನಾನೇ ಹಾಜರಿ ಹಾಕಿದ್ದೆ. ನೀ ಕೇಳಾಕ ಬಂದಾಗ ಅದನ್ನೇ ನೋಡಿ ಹೇಳ್ದೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ನಾ ಕೇಳಾಕ ಬಂದಾಗ, ನೀ ಇನ್ನೂ ಬದುಕಿದ್ದೇನವ್ವಾ?"

ಅವಳು ಕೇಳಿದ್ದು ಮೇಷ್ಟ್ರನ್ನಲ್ಲ. ಟೇಪ್ ರೆಕಾರ್ಡರನ್ನು ಮಡಿಲಿಗೆ ಎಳೆದುಕೊಂಡು, ಅದಕ್ಕೆ ಕಿವಿ ಹಚ್ಚಿ, ಉತ್ತರಕ್ಕೆ ಕಾಯುತ್ತಿದ್ದಳು.