ಬಲಗಡೆಯ ಪುಟಗಳು

‘ನಿನ್ನ ಬಗ್ಗೆ ಇನ್ನು ಒಂದಕ್ಷರ ಬರೆಯಲ್ಲ’ ಎಂದು ಮೂವತ್ತೆಂಟು ವರ್ಷಗಳ ಹಿಂದೆ ಹೆಂಡತಿಗೆ ಮಾತು ಕೊಟ್ಟಿದ್ದ ದರ್ಜಿಯನ್ನು, ಅವನು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಮೇಲೆಯೇ ಮಲಗಿಸುತ್ತಿದ್ದರು. ಅಂಗಡಿಯೂ ಆಗಿದ್ದ ಆ ಮನೆಯಲ್ಲಿ ಅಷ್ಟುದ್ದದ ಜಾಗ ಬೇರೆ ಇರಲಿಲ್ಲ.

“ಕಾಲು ಸ್ವಲ್ಪ ಹೊರಗೆ ಬರುತ್ತೆ,” ಎಂದರು ಪಕ್ಕದ ಮನೆಯ ಮೇಷ್ಟ್ರು.

“ಬರ್ಲಿ ಬಿಡಿ. ಇವನು ಯಾರಿಗೆ ಸರಿಯಾದ ಉದ್ದ ಹೊಲಿದಿದ್ದ?” ಎಂದ ಬೇಕರಿಯವನು.

ಶವದ ವ್ಯಾನು ತಡವಾಯಿತು. ಗುರುತಿನ ಚೀಟಿ ಬೇಕೆಂದು ದರ್ಜಿಯ ತಮ್ಮ ಟ್ರಂಕಿನ ಬೀಗ ಒಡೆದ. ಚೀಟಿಯ ಜೊತೆ ಅಳತೆ ಪುಸ್ತಕಗಳೂ ಹೊರಬಂದವು. ಎಡಪುಟದಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳು. ಬಲಪುಟದಲ್ಲಿ ದಿನಕ್ಕೊಂದೆರಡು ಸಾಲು ಲೋಕದ ವಿಚಾರ.

“ಮೇಷ್ಟ್ರೇ, ಕೇಳಿ, ನಿಮ್ಮದೇ! ‘ಮೇಷ್ಟ್ರ ಸೊಂಟ ಎರಡಿಂಚು ಜಾಸ್ತಿ. ಬಟ್ಟೆ ಕುಗ್ಗಿದೆ ಅಂದರು. ಪಾಪ, ಬಟ್ಟೆಗೆ ಬಾಯಿಲ್ಲ.’” ತಮ್ಮ ಗಟ್ಟಿಯಾಗಿ ಓದಿದ.

“ನಂದು ಏನಾದ್ರೂ ಇದೆಯಾ?” ಬೇಕರಿಯವನು ಬಗ್ಗಿದ.

“‘ಬೇಕರಿಯವನು ಅಳತೆ ಕೊಡುವಾಗ ಉಸಿರು ಹಿಡಿಯುತ್ತಾನೆ. ಪ್ಯಾಂಟು ಬಿಗಿ ಎಂದು ಜಗಳಕ್ಕೆ ಬಂದಾಗ ಬಿಡುತ್ತಾನೆ.’”

ಹೆಣದ ಮುಂದೆ ನಗಬಾರದೆಂದು ಮೇಷ್ಟ್ರು ಕೆಮ್ಮಿದರು. ಕೆಮ್ಮು ಎಲ್ಲರಿಗೂ ಹಬ್ಬಿತು.

ತಲೆಯ ಹತ್ತಿರ ಕೂತಿದ್ದ ಹೆಂಡತಿ ಮಗಳ ಕೈ ಜಗ್ಗಿದಳು. ಗದ್ದಲದಲ್ಲಿ ಅವಳ ಕನ್ನಡಕ ಎಲ್ಲೋ ಹೋಗಿತ್ತು.

“ಅವನ್ನೆಲ್ಲ ಒಳಗೆ ತಗೊಂಡ್ ಬಾ. ನಾನು ಎಲ್ಲಾದ್ರೂ ಇದೀನಾ ನೋಡ್ಬೇಕು.”

*

ಮದುವೆಯಾದ ಎರಡನೇ ವರ್ಷ, ಮನೆ ತುಂಬ ನೆಂಟರು. ಇದೇ ತಮ್ಮ ಹೀಗೆಯೇ ಪುಸ್ತಕ ಎಳೆದು ಓದಿದ್ದ: ‘ನನ್ನ ಹೆಂಡತಿ ಸಿಟ್ಟು ಬಂದರೆ ಪಾತ್ರೆ ತಿಕ್ಕುತ್ತಾಳೆ. ಈ ವಾರ ನಮ್ಮ ಮನೆಯಲ್ಲಿ ದೀಪವೇ ಬೇಡ.’ ನೆಂಟರು ಬಿದ್ದು ಬಿದ್ದು ನಕ್ಕರು.

“ನನ್ನನ್ನ ಊರ ಬಾಯಿಗೆ ಹಾಕ್ತೀರಾ?” ಅವಳು ಎಲ್ಲರೆದುರೇ ಸಿಡಿದಳು. “ಬೇಕಾದ್ರೆ ಬೀದಿ ನಾಯಿ ಬಗ್ಗೆ ಬರ್ಕೊಳ್ಳಿ. ನನ್ನ ಬಗ್ಗೆ ಬರೆದ್ರೆ ನನ್ನಾಣೆ.”

ಅವನು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಮಾತು ಕೊಟ್ಟ. ಟ್ರಂಕಿಗೆ ಬೀಗ ಹಾಕಿದ. ಮಾರನೆಯ ದಿನ ಬೀದಿ ನಾಯಿಯ ಬಗ್ಗೆ ಬರೆದ.

ವರ್ಷದೊಳಗೇ ಅವಳ ಸಿಟ್ಟು ಇಳಿಯಿತು. ಹೊಸ ಬಟ್ಟೆ ತೊಟ್ಟು ಅವನ ಮೇಜಿನ ಸುತ್ತ ಸುಳಿದಳು. ಬೇಕೆಂದೇ ಪಾತ್ರೆ ಕುಕ್ಕಿದಳು. ಬರೀರಿ ಎನ್ನಲು ಮಾತ್ರ ಬಾಯಿ ಬರಲಿಲ್ಲ.

*

“ನೀನು ಹುಟ್ಟಿದ ದಿನ ನೋಡು,” ಎಂದಳು ಅಡುಗೆಮನೆಯಲ್ಲಿ.

“‘ಹೆಣ್ಣು ಮಗು. ನನ್ನ ಮೂಗೇ ಬಂದಿದೆ. ಪಾಪ.’”

“ನನ್ನ ಹೊಟ್ಟೆ ಆಪರೇಷನ್ನು? ಹನ್ನೊಂದು ದಿನ ಆಸ್ಪತ್ರೇಲಿದ್ದೆ. ಒಂದು ಗಳಿಗೆ ಪಕ್ಕ ಬಿಡ್ಲಿಲ್ಲ ಅವರು.”

ಮಗಳು ಹುಡುಕಿದಳು. ‘ಆಸ್ಪತ್ರೆ ಕಾವಲುಗಾರನ ಅಂಗಿಗೆ ಮೂರನೇ ಗುಂಡಿ ಇಲ್ಲ.’ ‘ಗುಂಡಿ ಹಾಕಿಕೊಟ್ಟೆ. ಇವತ್ತು ಎರಡನೆಯದು ಇಲ್ಲ.’ ಹನ್ನೊಂದು ದಿನವೂ ಕಾವಲುಗಾರನೇ.

“ಇದೆ ಅಮ್ಮ,” ಎಂದಳು ಮಗಳು, ಪುಟದಿಂದ ಕಣ್ಣೆತ್ತದೆ. “‘ಅವಳಿಲ್ಲದೆ ಮನೆ ಕತ್ತಲಾಗಿದೆ. ಅವಳೇ ನನ್ನ ಬಾಳಿನ ಬೆಳಕು.’”

ತಾಯಿ ಅವಳ ಮುಖವನ್ನೇ ನೋಡಿದಳು. “ಇಷ್ಟು ಕೆಟ್ಟದಾಗಿ ಬರೀತಿರ್ಲಿಲ್ಲ ಅವರು. ಸುಳ್ಳು ಹೇಳ್ಬೇಡ. ಪೂರ್ತಿ ನೋಡು.”

ಮಗಳು ಆ ಆಣೆಯಿಂದ ಈಚಿನ ಒಂದೊಂದೇ ಪುಸ್ತಕದ ಬಲಪುಟಗಳ ಮೇಲೆ ಬೆರಳಾಡಿಸುತ್ತಾ ಹೋದಳು. ತಾಯಿ ಆ ಬೆರಳು ಎಲ್ಲಿ ನಿಂತೀತೆಂದು ನೋಡುತ್ತಿದ್ದಳು. ಎಲ್ಲೂ ನಿಲ್ಲಲಿಲ್ಲ.

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಮೈದುನ ಬಾಗಿಲಲ್ಲಿ ಇಣುಕಿದ, ಕಣ್ಣೊರೆಸಿಕೊಳ್ಳುತ್ತಾ. “ಅತ್ತಿಗೆ, ಏಳಿ, ಹೊರಡೋಣ. ನಮ್ಮಣ್ಣ ಯಾರನ್ನೂ ಬಿಟ್ಟಿಲ್ಲ ನೋಡಿ. ಇಡೀ ಓಣಿನೇ ಇದೆ ಇದ್ರಲ್ಲಿ.”

ಮಗಳು ಕೊನೆಯ ಪುಸ್ತಕ ಮುಚ್ಚಿ, ಇಲ್ಲವೆಂದು ತಲೆಯಾಡಿಸಿದಳು.

ದರ್ಜಿ ಕೊಟ್ಟ ಮಾತು ಉಳಿಸಿಕೊಂಡಿದ್ದ.