ನಮ್ಮಂಥೋರಿಗೆ ಕನ್ನಡಕ ಯಾಕೆ?

ದರ್ಜಿಯಮ್ಮನ ಅಂಗಡಿಯಲ್ಲಿ ಬಟ್ಟೆಗಳಿಗೂ ಮೇಲು ಕೀಳಿತ್ತು. ಉಳ್ಳವರ ಬಟ್ಟೆ ಮೊಳೆಗೆ ನೇತಾಡುತ್ತಿತ್ತು. ಉಳಿದವರದು ಮೇಜಿನ ಕೆಳಗೆ ಗಂಟಾಗಿ ಬಿದ್ದಿರುತ್ತಿತ್ತು. "ದೊಡ್ಡೋರ ಬಟ್ಟೆ ಕಣೇ, ಕೈ ತೊಳ್ಕೊಂಡು ಮುಟ್ಟು" ಎಂದು ಮಗಳನ್ನು ಗದರುವುದು, ಮಗಳು ಏನಾದರೂ ಕೇಳಿದರೆ "ನಮ್ಮಂಥೋರಿಗೆ ಅದೆಲ್ಲ ಯಾಕೆ?" ಎಂದು ಬಾಯಿ ಮುಚ್ಚಿಸುವುದು ಆಕೆಯ ರೂಢಿ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಪಾಪ. ಆಕೆಯ ಅಮ್ಮನೂ ಹಾಗೇ ಅನ್ನುತ್ತಿದ್ದಳು.

ಹತ್ತು ವರ್ಷದ ಮಗಳು ಸೂಜಿಗೆ ದಾರ ಪೋಣಿಸುವಾಗ ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಏನೇ, ಸೂಜಿಗೇ ಕಣ್ಣು ಹೊಡೀತೀಯಾ?" ಎಂದು ತಾಯಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಸಮವಸ್ತ್ರದ ತೋಳು ಗಿಡ್ಡ ಮಾಡಿಸಲು ಬಂದ ನರ್ಸಮ್ಮ ಹುಡುಗಿ ಹಾಗೆ ಕಣ್ಣು ಮುಚ್ಚುವುದನ್ನು ನೋಡಿ ನಗಲಿಲ್ಲ. ಹುಡುಗಿಯ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರ್ ತೋರಿಸಿದರು.

"ಇದು ಯಾವ ತಿಂಗಳು, ಓದು ಪುಟ್ಟಿ."

"ಬರೀ ಬೆಳ್ಳಗೆ ಕಾಣುತ್ತೆ ಆಂಟಿ."

ಹೊಲಿಗೆ ಯಂತ್ರ ನಿಂತಿತು.

"ಪ್ರತಿ ವರ್ಷ ನಿಮ್ಮ ಸ್ಕೂಲಿಗೇ ಬಂದು ಕಣ್ಣು ನೋಡ್ತೀವಲ್ಲ. ಕನ್ನಡಕಾನೂ ಪುಕ್ಕಟೆ ಕೊಡ್ತೀವಿ. ನೀನು ಬರಲಿಲ್ವಾ?"

"ನಾನು ಸಾಲಲ್ಲಿ ನಿಲ್ಲಲಿಲ್ಲ. ಕನ್ನಡಕ ದೊಡ್ಡೋರ ಮಕ್ಕಳಿಗೆ. ನಮ್ಮಂಥೋರಿಗೆ ಯಾಕೆ?" ಹುಡುಗಿ ದೂರಲಿಲ್ಲ, ಬಾಯಿಪಾಠ ಒಪ್ಪಿಸಿದಂತೆ ಹೇಳಿದಳು.

ತಾಯಿಗೆ ಮುಖ ಸುಟ್ಟಂತಾಯಿತು. "ಸುಮ್ನೆ ಬಾಯಿಮಾತಿಗೆ ಅಂದಿದ್ದು ನರ್ಸಮ್ಮ. ಮಾತಿಂದ ಯಾರಿಗಾದ್ರೂ ಕಣ್ಣು ಹೋಗುತ್ತಾ?"

"ಕಣ್ಣು ಹೋಗಲ್ಲ ಕಣಮ್ಮ. ಕೇಳೋ ಧೈರ್ಯ ಹೋಗುತ್ತೆ. ದುಡ್ಡಿದ್ದೋರನ್ನ ದಿನಾ ದೊಡ್ಡೋರು ಅಂತಿದ್ರೆ, ಇಲ್ಲದ ಮನೆ ಮಗು ತನ್ನನ್ನ ಏನಂದ್ಕೋಬೇಕು, ನೀವೇ ಹೇಳಿ."

ದರ್ಜಿಯಮ್ಮ ಮರುದಿನವೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದಳು.

ಕಣ್ಣಿನ ಡಾಕ್ಟರು ಪರೀಕ್ಷಿಸಿದರು. "ಮೂರ್ನಾಲ್ಕು ವರ್ಷ ಮೊದಲೇ ತೋರಿಸಿದ್ರೆ ಎಡಗಣ್ಣೂ ಸರಿಹೋಗ್ತಿತ್ತೇನೋ. ಈಗಲೂ ಪ್ರಯತ್ನ ಮಾಡೋಣ. ಪೂರ್ತಿ ವಾಸಿಯಾಗುತ್ತೆ ಅಂತ ಮಾತ್ರ ಹೇಳಲಾರೆ" ಎಂದರು. ಆ ಮಾತು ತಾಯಿಯ ಎದೆಯಲ್ಲಿ ಕೂತುಬಿಟ್ಟಿತು.

ಈಗ ಅಂಗಡಿಯಲ್ಲಿ ಎಲ್ಲರ ಬಟ್ಟೆಯೂ ಮೊಳೆಗೇ, ಬಂದ ಸರದಿಯಂತೆ. ಆದರೂ ಹಳೇ ನಾಲಿಗೆ ಸುಮ್ಮನಿರುತ್ತದೆಯೇ? ಮೊನ್ನೆ ಮಗಳು ಬಣ್ಣದ ಪೆನ್ಸಿಲ್ ಕೇಳಿದಾಗ "ನಮ್ಮಂಥೋ..." ಎಂದವಳು ತುಟಿ ಕಚ್ಚಿದಳು. "ಈ ತಿಂಗಳು ಆಗಲ್ಲ ಮಗಳೇ. ಮುಂದಿನ ತಿಂಗಳು ತರೋಣ."

ಮಗಳು ಹೊಸ ಕನ್ನಡಕ ಮೂಗಿನ ಮೇಲೇರಿಸಿ ಅಮ್ಮನನ್ನು ನೋಡಿದಳು. ಎಡಗಣ್ಣಿಗೆ ಅಮ್ಮನ ಮುಖ ಇನ್ನೂ ಮಸುಕೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೈಯಲ್ಲಿ ಕಾಸಿಲ್ಲದಿದ್ದರೆ ಕಾಸಿಲ್ಲ ಎಂದೇ ಹೇಳಿ, ಅದರಲ್ಲಿ ನಾಚಿಕೆಯಿಲ್ಲ. "ನಮ್ಮಂಥೋರಿಗೆ ಯಾಕೆ" ಎಂದು ಮಾತ್ರ ಮಕ್ಕಳ ಮುಂದೆ ಅನ್ನಬೇಡಿ. ಅವರು ನಂಬಿಬಿಡುತ್ತಾರೆ.